ಪಿಕಪ್ಪಿಗೆ ಅಳತೆ ತೆಗೆದ ಮಾವ

ದರ್ಜಿ ಮಾವ ಕೈಗಾಡಿಯಲ್ಲಿ ಎರಡು ದೊಡ್ಡ ಟೈರು ಹೇರಿಕೊಂಡು ಬಂದಾಗ ಸೊಸೆ ಪಿಕಪ್ಪಿಗೆ ನೀರಿನ ಕ್ಯಾನು ತುಂಬುತ್ತಿದ್ದಳು. ಅವರ ಮುಖದ ತುಂಬ ಬೆವರು, ಕೊರಳಲ್ಲಿ ಎಂದಿನಂತೆ ಅಳತೆ ಟೇಪು. ಊಟಕ್ಕೆ ಕೂತರೂ ಆ ಟೇಪು ಇಳಿಸದ ಮನುಷ್ಯ.

"ತಗೋಮ್ಮ, ನಿನ್ನ ರೇಸಿಗೆ. ಅಂಗಡಿಯವ್ನು ಹೊಸದು ಅಂತಾನೆ, ನೋಡಿದ್ರೆ ಬೋಳು. ದುಡ್ಡು ಕೊಟ್ಟು ಬೋಳು ಟೈರು ತರೋ ಮನೆ ನಮ್ಮದೊಂದೇ ಇರ್ಬೇಕು!"

ಸೊಸೆ ಕ್ಯಾನು ಕೆಳಗಿಟ್ಟಳು. ಭಾನುವಾರದ ರೇಸು ಅವಳ ಬಹುದಿನದ ಆಸೆ. ಹಾಳುಬಿದ್ದ ರನ್‌ವೇ ಮೇಲೆ ಎರಡೆರಡು ಗಾಡಿ ಅಕ್ಕಪಕ್ಕ ನಿಲ್ಲುತ್ತವೆ, ಹಸಿರು ದೀಪ ಹತ್ತಿದರೆ ನೆಟ್ಟಗೆ ಓಟ. ತಿರುವಿಲ್ಲ, ಮುರುವಿಲ್ಲ. ನಿಂತಲ್ಲಿಂದ ನೆಗೆಯುವಾಗ ಯಾರ ಟೈರು ನೆಲ ಕಚ್ಚುತ್ತದೋ ಅವರದೇ ಆಟ. ಗೀರಿಲ್ಲದ ಈ ಮೆತ್ತನೆ ಟೈರುಗಳು ಅದಕ್ಕೆಂದೇ ಮಾಡಿದವು. ಮನೆಯಲ್ಲಿ ರೇಸಿನ ಮಾತು ಬಂದಾಗಲೆಲ್ಲ ಮಾವ ತುಟಿ ಬಿಚ್ಚದೆ ಸೂಜಿಗೆ ದಾರ ಪೋಣಿಸುತ್ತ ಕೂರುತ್ತಿದ್ದರು. ಅದು ಬೇಡ ಎಂಬ ಅರ್ಥವೆಂದೇ ಅವಳು ತಿಳಿದಿದ್ದಳು. ಆ ಮನುಷ್ಯ ಈಗ ಯಾರಿಗೂ ಹೇಳದೆ ಹೋಗಿ ಟೈರು ತಂದಿದ್ದಾರೆ!

ಆದರೆ ತಂದದ್ದು ಎರಡು. ರೇಸು ಕಾರಿನ ಚಿತ್ರದಲ್ಲಿ ಹಿಂದೆ ಎರಡು ದೈತ್ಯ ಟೈರು, ಮುಂದೆ ಎರಡು ಬಡಕಲು ಟೈರು ಇರುವುದನ್ನು ಮಾವ ನೋಡಿದ್ದರು. ಇವರ ಪಿಕಪ್ಪು ಆ ಜಾತಿಯದಲ್ಲ. ಲಿವರ್ ಹಾಕಿದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುತ್ತದೆ, ನಾಲ್ಕೂ ಒಂದೇ ಸಮ ತಿರುಗಬೇಕು. ಹಿಂದಿನವು ದೊಡ್ಡವಾದರೆ ಮುಂದಿನವು ಅವುಗಳ ಜೊತೆ ಹೆಣಗಾಡುತ್ತವೆ, ನಡುವೆ ಸಿಕ್ಕ ಗೇರು ಚೂರುಚೂರು. ಆ ಗಾಡಿಯಲ್ಲಿ ದಿನಾ ಕಲ್ಲು ಕ್ವಾರಿಯ ಏರು ಹತ್ತಿ ನೀರು ಮುಟ್ಟಿಸಿದರೆ ತಾನೇ ಮನೆಯ ಒಲೆ ಉರಿಯುವುದು.

ಹೇಳಿಬಿಡಬಹುದಿತ್ತು. ಹೇಳಲಿಲ್ಲ. "ಸೊಸೆ ಕೈಗೆ ಗಾಡೀನಾ?" ಎಂದು ನೆಂಟರೆಲ್ಲ ಮೂಗು ಮುರಿದಾಗ ಪಿಕಪ್ಪಿನ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟವರು ಇದೇ ಮಾವ. ಆ ಋಣ ನೆನೆದಾಗಲೆಲ್ಲ ಅವಳ ಬಾಯಿಗೆ ಬೀಗ ಬೀಳುತ್ತಿತ್ತು. ಸಾರು ಉಪ್ಪಾದರೂ ಸರಿ, ಫ್ಯಾನು ಕಿರುಗುಟ್ಟಿದರೂ ಸರಿ, ಮಾವ ಕೇಳಿದರೆ ಇವಳದು ಒಂದೇ ಉತ್ತರ: "ಎಲ್ಲ ಚೆನ್ನಾಗಿದೆ ಮಾವ."

"ಚೆನ್ನಾಗಿದೆ ಮಾವ," ಎಂದಳು ಈಗಲೂ.

ಟೈರು ಅಂಗಡಿಯವನಿಗೆ ಊರೆಲ್ಲ ಟೈರಣ್ಣ ಎಂದೇ ಹೆಸರು. ಹಿಂದಿನ ಚಕ್ರಕ್ಕೆ ಅವೆರಡನ್ನೂ ಹಾಕಿಕೊಡುವಾಗ ಅವನು ತಲೆ ಚಚ್ಚಿಕೊಂಡ. "ಅಕ್ಕಾ, ಲಿವರ್ ಮಾತ್ರ ಮುಟ್ಬೇಡಿ. ಎರಡೇ ಚಕ್ರದಲ್ಲಿ ಓಡ್ಸಿ. ಸೋಲ್ತೀರ, ಆದ್ರೆ ಗಾಡಿ ಉಳಿಯುತ್ತೆ."

ಸೋಲುವುದೆಂದೇ ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಆಸೆಯನ್ನು ನುಂಗಿಕೊಳ್ಳುವುದು ಅಷ್ಟೇನೂ ಸುಲಭವಿರಲಿಲ್ಲ, ಆದರೂ ಮಾವನ ಮುಖ ಬಾಡುವುದಕ್ಕಿಂತ ಅದು ವಾಸಿ ಅನ್ನಿಸಿತ್ತು.

ಶನಿವಾರ ಅಭ್ಯಾಸದ ಓಟ. ಮಾವ ಪಕ್ಕದ ಸೀಟಿನಲ್ಲಿ ಕೂತರು. ಪಿಕಪ್ಪು ಹಿಂಭಾಗವನ್ನು ಅತ್ತಿತ್ತ ಎಸೆಯುತ್ತ ಓಡಿ, ಒಲ್ಲದ ಮನಸ್ಸಿನಿಂದ ಗೆರೆ ಮುಟ್ಟಿತು.

"ಏರು ಬಂದ್ರೆ ನೀನು ಆ ಲಿವರ್ ಎಳೀತಿದ್ದೆ. ಇವತ್ಯಾಕೆ ಎಳೀಲಿಲ್ಲ?"

"ಇಲ್ಲಿ ಏರಿಲ್ವಲ್ಲ ಮಾವ."

ಮಾವ ಕೆಳಗಿಳಿದರು. ಕೊರಳ ಟೇಪು ತೆಗೆದು ಹಿಂದಿನ ಚಕ್ರವನ್ನು ಸುತ್ತ ಅಳೆದರು, ಆಮೇಲೆ ಮುಂದಿನದನ್ನು. ಮತ್ತೊಮ್ಮೆ ಹಿಂದಿನದನ್ನು. ಜೀವಮಾನವೆಲ್ಲ ಎದೆ, ಸೊಂಟ, ತೋಳು ಅಳೆದ ಕೈ ಅದು. ಎದ್ದು ನಿಂತಾಗ ಅವರ ಮುಖ ಕೆಂಪಗಾಗಿತ್ತು.

"ಒಂದು ತೋಳು ಉದ್ದ, ಒಂದು ತೋಳು ಗಿಡ್ಡ. ಇದನ್ನ ಹಾಕ್ಕೊಂಡು ಹೊರಟಿದೀಯಲ್ಲೇ! ನಿಂಗೆ ಗೊತ್ತಿತ್ತು ತಾನೆ?"

ಅವಳು ತಲೆ ತಗ್ಗಿಸಿದಳು. "ನೀವು ಅಷ್ಟು ಪ್ರೀತಿಯಿಂದ ತಂದಿದ್ರಿ..."

"ನನ್ನ ಅಂಗಡೀಲಿ ಟ್ರಯಲ್ ಯಾಕೆ ಇಟ್ಟಿದೀನಿ ಹೇಳು? ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಹಾಕ್ಕೊಂಡೋರು ಹೇಳ್ಬೇಕು. ಗಿರಾಕಿ ನನ್ನ ಮೋರೆ ನೋಡಿ ಚೆನ್ನಾಗಿದೆ ಅಂದ್ಬಿಟ್ಟು ಹೋದ್ರೆ ನನಗೇ ಅವಮಾನ. ಸೋಲೋಕೂ ರೆಡಿ, ಬಾಯಿ ಬಿಡೋಕೆ ಮಾತ್ರ ಇಲ್ಲ! ನಡಿ ಟೈರಣ್ಣನ ಹತ್ರ."

ಟೈರಣ್ಣನ ಅಂಗಡಿಯಲ್ಲಿ ಮಾವ ಅಂದು ಮಾಡಿದ ಗಲಾಟೆಯನ್ನು ಯಾರೂ ಮರೆಯುವಂತಿಲ್ಲ. ಒಂದೇ ನಂಬರಿನ ಟೈರುಗಳನ್ನು ಸಾಲಾಗಿ ನಿಲ್ಲಿಸಿ, ಗಾಳಿ ತುಂಬಿಸಿ, ಒಂದೊಂದಕ್ಕೂ ಟೇಪು ಸುತ್ತಿದರು. ನಂಬರು ಒಂದೇ ಆದರೂ ಸುತ್ತಳತೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ. "ಇದು ಬೇಡ. ಇದೂ ಬೇಡ. ಇದು ಅದರ ಅಣ್ಣ, ನಂಗೆ ಅವಳಿಜವಳಿ ಕೊಡು."

ಟೈರಣ್ಣ ಸುಸ್ತಾಗಿ, "ಮದುವೆಗೆ ಹೆಣ್ಣು ಹುಡುಕೋರೂ ಇಷ್ಟು ನೋಡಲ್ಲ ಯಜಮಾನ್ರೇ," ಎಂದ.

ಎಲ್ಲಕ್ಕಿಂತ ಮೆತ್ತಗಿನ, ಅಂಟಿನಂಥ ಟೈರಿನ ಮೇಲೆ ಸೊಸೆಯ ಕಣ್ಣಿತ್ತು. ಟೈರಣ್ಣ ಅಡ್ಡ ಬಂದ. "ಭಾರದ ಗಾಡಿ ಅಕ್ಕಾ. ನಾಲ್ಕೂ ಚಕ್ರ ಒಟ್ಟಿಗೆ ಅಷ್ಟು ಗಟ್ಟಿಯಾಗಿ ಹಿಡಿದ್ರೆ ಆಕ್ಸಲ್ಲೇ ಮುರಿಯುತ್ತೆ. ಒಂಚೂರು ಜಾರೋ ಟೈರೇ ಇರ್ಲಿ." ಅವಳು ಕ್ಷಣ ತಡೆದು, ಒಪ್ಪಿದಳು. ಆ ಜಾತಿಯ ನಾಲ್ಕನ್ನು ಮಾವನ ಟೇಪು ಆರಿಸಿತು. ತಂದಿದ್ದ ಎರಡನ್ನು ಟೈರಣ್ಣ ಗೊಣಗುತ್ತಲೇ ವಾಪಸು ಇಟ್ಟುಕೊಂಡ.

ಭಾನುವಾರ ಗೆರೆಯ ಮೇಲೆ ಪಿಕಪ್ಪು ನಿಂತಾಗ ಮಾವ ಕಿಟಕಿಗೆ ಬಗ್ಗಿದರು. "ಎಲ್ಲಾದ್ರೂ ಬಿಗಿ ಇದೆಯಾ?"

ಅಭ್ಯಾಸಬಲ, ಇಲ್ಲ ಎನ್ನಲು ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡಳು. ಮೈಮೇಲೆ ನೀಲಿ ಕೋಟಿತ್ತು. ಹೊಸ ಸೊಸೆಯಾಗಿ ಬಂದಾಗ ಮಾವ ಹೊಲಿದುಕೊಟ್ಟದ್ದು, ಗಾಡಿ ಹತ್ತಿದಾಗಲೆಲ್ಲ ತೊಡುತ್ತಿದ್ದದ್ದು.

"ಇದೆ ಮಾವ. ಈ ಕೋಟು. ಭುಜದ ಹತ್ರ. ಮೊದಲ ದಿನದಿಂದಾನೂ."

ಮಾವ ಅವಳ ಭುಜವನ್ನೊಮ್ಮೆ ನೋಡಿ ಹಿಂದಕ್ಕೆ ಸರಿದರು. ಬೇಜಾರು ಮಾಡಿಕೊಂಡರೋ ಏನೋ ಎಂದು ಅವಳು ನೋಡುವಷ್ಟರಲ್ಲಿ ದೀಪ ಹಸಿರಾಯಿತು.

ನಾಲ್ಕೂ ಚಕ್ರ ಒಂದಿಷ್ಟು ಜಾರಿ, ಒಟ್ಟಿಗೇ ನೆಲ ಹಿಡಿದವು. ಪಿಕಪ್ಪು ನೂಲು ಹಿಡಿದಂತೆ ನೆಟ್ಟಗೆ ಹೋಯಿತು. ಪಕ್ಕದ ಕೆಂಪು ಗಾಡಿಯ ಮೂತಿ ಅರ್ಧ ದಾರಿಯವರೆಗೆ ಕಿಟಕಿಯಲ್ಲಿತ್ತು, ಆಮೇಲೆ ಕನ್ನಡಿಯಲ್ಲಿ ಕಾಣಿಸಿತು. ಗೆದ್ದಿದ್ದಳು. ಗೇರೂ ಗಟ್ಟಿಯಾಗಿತ್ತು, ಸೋಮವಾರದ ನೀರೂ ಕ್ವಾರಿ ಮುಟ್ಟುವಂತಿತ್ತು.

ಇಳಿದಾಗ ಮಾವ ಏದುಸಿರು ಬಿಡುತ್ತ ಓಡಿಬಂದರು. ಶಹಬ್ಬಾಸ್ ಇಲ್ಲ, ಏನಿಲ್ಲ. ಜೇಬಿನಿಂದ ಪುಟ್ಟ ಕತ್ತರಿ ತೆಗೆದರು.

"ಕೋಟು ಬಿಚ್ಚು."

ಪಿಕಪ್ಪಿನ ಬಾನೆಟ್ಟಿನ ಮೇಲೆ ಕೋಟು ಹರಡಿ ಭುಜದ ಹೊಲಿಗೆ ಬಿಚ್ಚಿದರು. ಒಳಗೆ ಮುಂದೆ ಸಡಿಲಿಸಲೆಂದೇ ಮಡಿಸಿಟ್ಟ ಬಟ್ಟೆ, ಎರಡು ಬೆರಳಷ್ಟು ಅಗಲ, ಬಿಸಿಲು ಕಾಣದ ಗಾಢ ನೀಲಿ. ಅವಳು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

"ಕೊಟ್ಟ ದಿನಾನೇ ಗೊತ್ತಾಗಿತ್ತು," ಎಂದರು ಮಾವ, ತಲೆ ಎತ್ತದೆ. "ನೀನು ಹೇಳ್ಲಿ ಅಂತ ಕಾಯ್ತಿದ್ದೆ, ಮಗಳೇ."