ಪರದೆಯ ಮೇಲೆ ಚೈತ್ರಳ ಹೆಸರು

ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ವಾಸನೆ ಕಿಟಕಿಯಿಂದ ತೇಲಿ ಬರುತ್ತಿದೆ, ಸೀದ ಬೆಲ್ಲದ ಹಾಗೆ, ಪಿರಿಯಾಪಟ್ಟಣದ ಮಧ್ಯಾಹ್ನವೇ ಹೀಗೆ, ಕಣ್ಣು ತಾನಾಗಿ ಮುಚ್ಚುತ್ತೆ — ಮುಚ್ಚಬೇಡ ತಹಸೀನ್, ಪರದೆ ನೋಡು, ಈ ಕಾಲೇಜಿನ ಹದಿನೆಂಟು ಲಿನಕ್ಸ್ ಕಂಪ್ಯೂಟರಿಗೂ ನೀನೇ ದಿಕ್ಕು, ಆಫೀಸಿನ ಚೈತ್ರ ಮೂರು ದಿನದಿಂದ ಮನೇಲಿ ಕೂತಿರೋದೂ ನಿನ್ನ ಮಾತಿನಿಂದಲೇ, ಶನಿವಾರ ಅಂಕಪಟ್ಟಿ ಅಳಿಸಿಹೋಯ್ತು, ಆಗ ಲಾಗಿನ್ ಆಗಿದ್ದೋರು ಯಾರಮ್ಮ ಅಂತ ಪ್ರಿನ್ಸಿಪಾಲ್ ಮಹದೇವಪ್ರಸಾದ್ ಕೇಳಿದರು, ದಾಖಲೆ ತೆಗೆದು ತೋರಿಸಿದೆ, ಒಂದೇ ಹೆಸರು, ಚೈತ್ರ. ನಾನು ಮಿರ್ಲೇಲಿ ನಮ್ಮಕ್ಕನ ಮನೇಲಿದ್ದೆ ಕಣ್ರೀ ಮೇಡಂ, ದೇವ್ರಾಣೆ, ಅಂದಳು, ನಾನು ಪರದೆ ಕಡೆ ಕೈ ತೋರಿಸಿದೆ, ಯಂತ್ರಕ್ಕೆ ಯಾರ ಮೇಲೆ ಹಗೆ — ಈಗ ಅದೇ ಟರ್ಮಿನಲ್ ತೆರೆದಿದ್ದೀನಿ, ಆಜ್ಞೆ ಟೈಪ್ ಮಾಡೋ ಕಿಟಕಿ, ಹೋದ ತಿಂಗಳು ನಾನೇ ಹಾಕಿದ ಹೊಸ ಪ್ರೋಗ್ರಾಂ, ಅಲ್ಲಾಡದ ಕಪ್ಪು ನೀರಿನ ಹಾಗಿದೆ, ಒಳಗೆ ಯಾರಿದ್ದೀರಿ ಅಂತ ಕೇಳಿದರೆ ಚೈತ್ರ ಅನ್ನುತ್ತೆ, ಕೂತಿರೋಳು ನಾನು, ಮುಚ್ಚಿ ಮತ್ತೆ ತೆರೆದೆ, ಚೈತ್ರ, ದಾಖಲೆಯಲ್ಲಿ ನನ್ನ ಹೆಸರಿರಬೇಕಾದ ಸಾಲಿನ ಮೇಲೆಯೇ ಹಿಂದೆ ಯಾವಾಗಲೋ ಕೂತಿದ್ದೋರ ಹೆಸರು ಎಳೆತಂದು ಬರೀತಿದೆ ಇದು, ಹಾಗಾದರೆ ಶನಿವಾರ — ಶನಿವಾರ ಇಲ್ಲಿ ಹಳೇ ಫೈಲುಗಳನ್ನ ಗುಡಿಸ್ತಾ ಕೂತಿದ್ದೋಳು ನಾನು, ಒಂದು ಕೈಲಿ ಅಮ್ಮಿ ಕಟ್ಟಿಕೊಟ್ಟ ರೊಟ್ಟಿ, ಅರೆನಿದ್ದೆ, ಯಾ ಅಲ್ಲಾ, ಅಳಿಸಿದ್ದು ನಾನೇ.

ಇನ್ನು ಮೇಲೆ ಲಾಗಿನ್ ದಾಖಲೆ ಮುಟ್ಟಬೇಡ ಅಂತ ಆ ಪ್ರೋಗ್ರಾಮಿಗೆ ಒಂದು ಸಾಲು ಬರೆದಿಟ್ಟೆ, ಲಾಗಿನ್ನಿಂದ ಹೊರಬಿದ್ದು ಮತ್ತೆ ಒಳಬಂದು ಕೇಳಿದೆ, ಈ ಸಲ ತಹಸೀನ್, ಇಷ್ಟೇ ಸಾಕು, ಯಂತ್ರದ ತಪ್ಪು ಅಂದುಬಿಟ್ಟರೆ ಚೈತ್ರಳೂ ಪಾರು, ನಾನೂ ಪಾರು, ಯಾರು ಕೇಳ್ತಾರೆ — ಆದರೆ ಕಾಲು ಪ್ರಿನ್ಸಿಪಾಲರ ಕೋಣೆ ಕಡೆ ನಡೀತಿದೆ, ನೀರೊಳಗೆ ನಡೆದ ಹಾಗೆ, ಅಳಿಸಿದ್ದು ನಾನು ಸರ್, ಇದು ಯಾರ ದನಿ, ಅವರು ಕನ್ನಡಕ ತೆಗೆದಿಟ್ಟು ಒಂದು ಬಿಳಿ ಹಾಳೆ ನನ್ನ ಕಡೆ ತಳ್ಳಿದರು, ಬರೆದುಕೊಡಿ ಅದನ್ನ, ಮೊದಲು ಆ ಹುಡುಗಿಗೆ ಫೋನ್ ಮಾಡಿ, ಅಂದರು. ಮಾರನೇ ಬೆಳಿಗ್ಗೆ ಅವಳು ಬಂದಳು, ತಪ್ಪಾಯ್ತು ಚೈತ್ರ ಅಂದೆ, ಬುಡಿ ಮೇಡಂ ಅಂದಳು, ಕಣ್ಣು ನನ್ನ ಕಡೆ ಬರಲಿಲ್ಲ, ಹಾಜರಿ ಪುಸ್ತಕ ಎಳಕೊಂಡು ಒತ್ತಿ ಒತ್ತಿ ಹೆಸರು ಬರೆದಳು, ಹೋದಳು, ಹಾಳೆ ತಿರುವಿದೆ, ನಾಳೆಯ ಖಾಲಿ ಹಾಳೆಯಲ್ಲೂ ಇತ್ತು, ಶಾಯಿಯಿಲ್ಲದೆ, ಬೆರಳಿಗೆ ಸಿಗುವಷ್ಟು ಆಳ — ಚೈತ್ರ.