ಉಂಡ ಜಾಗ ಬಿಟ್ಟೇಳದೆ

ಅಡುಗೆಮನೆಯಲ್ಲಿ ಟಿಕ್ ಎಂದಿತು. ಡಬ್ಬಿಯ ಮುಚ್ಚಳವೋ, ಬರೀ ಲೋಟವೋ? ಅವಿತಾಲ್ ಕತ್ತಲಲ್ಲೇ ಕಣ್ಣು ಬಿಟ್ಟು ಕಿವಿಗೊಟ್ಟಳು. ರಾತ್ರಿ ಒಂದೂವರೆ. ಪಕ್ಕದಲ್ಲಿ ಗಂಡ ನಿಸ್ಸೀಮ್ ಗೊರಕೆ ಹೊಡೆಯುತ್ತಿದ್ದ.

ಮೂರು ದಿನದಿಂದ ಅತ್ತೆ ಫ್ರೇಹಾಳ ರಕ್ತದ ಸಕ್ಕರೆ ಇಳಿದೇ ಇರಲಿಲ್ಲ. ಒಂದು ಕಾಲ್ಬೆರಳು ಆಗಲೇ ಹೋಗಿತ್ತು. ಮುಂದೆ ಪಾದವೇ ಹೋದೀತೆಂದು ಡಾಕ್ಟರು ಎಚ್ಚರಿಸಿದ್ದರು. ಸಂಜೆ ಊಟಕ್ಕೆ ಕೂತಾಗ ನಿಸ್ಸೀಮ್ ಅಂದೇಬಿಟ್ಟ: "ನಮ್ಮಮ್ಮ ಕದ್ದು ತಿನ್ನೋಳಲ್ಲ. ಯಾರೋ ಪ್ರೀತಿ ಉಕ್ಕಿ ಸಿಹಿ ಕೊಡ್ತಿದಾರೆ. ಮನೇಲಿರೋದು ಮೂರೇ ಜನ, ನಾನಂತೂ ಕೊಟ್ಟಿಲ್ಲ." ಅತ್ತೆ ತಲೆ ತಗ್ಗಿಸಿ ಸೌತೆಕಾಯಿ ಅಗಿಯುತ್ತಿದ್ದಳೇ ಹೊರತು ತುಟಿ ಬಿಚ್ಚಲಿಲ್ಲ. ಆ ಮೌನವೇ ಅವಿತಾಲಳ ನಿದ್ದೆ ಕೆಡಿಸಿದ್ದು.

ತಿನ್ನುವಾಗಲೇ ಅತ್ತೆಯನ್ನು ಹಿಡಿದರೆ ತನ್ನ ಮೇಲಿನ ಅಪವಾದ ತೊಳೆದುಹೋಗುತ್ತದೆ. ಅವಳು ಬರಿಗಾಲಲ್ಲಿ ಬಂದು ಬಾಗಿಲ ಮರೆಗೆ ನಿಂತಳು. ಇಣುಕುವುದೇ ಬೇಕಿರಲಿಲ್ಲ. ಯಹೂದಿ ಪದ್ಧತಿಯಂತೆ ದೇವರನ್ನು ಸ್ತುತಿಸದೆ ಅತ್ತೆ ಏನನ್ನೂ ಬಾಯಿಗಿಟ್ಟವಳಲ್ಲ. ಮರದ ಹಣ್ಣಿಗೊಂದು ಸ್ತುತಿ, ನೆಲದ ಕಾಯಿಗೊಂದು, ಕೇಕಿಗೊಂದು. ಕೇಳಿದರೆ ಸಾಕು, ತಟ್ಟೆಯಲ್ಲೇನಿದೆಯೆಂದು ತಿಳಿಯುತ್ತದೆ.

ನಲ್ಲಿ ಸುರಿದು ನಿಂತಿತು. "...ನಿನ್ನ ಮಾತಿನಿಂದಲೇ ಎಲ್ಲವೂ ಆಯಿತು," ಎಂದು ಅತ್ತೆ ಪಿಸುಗುಟ್ಟಿದಳು.

ನೀರಿನ ಸ್ತುತಿ! ಬರೀ ನೀರು!

"ಆಮೆನ್," ಎಂದಿತು ಅವಿತಾಲಳ ಬಾಯಿ. ಸ್ತುತಿ ಕಿವಿಗೆ ಬಿದ್ದರೆ ಆಮೆನ್ ಅನ್ನುವುದು ಹುಟ್ಟಿನಿಂದ ಬಂದ ಅಭ್ಯಾಸ. ಅಡಗಿ ನಿಂತದ್ದು ನಾಲಿಗೆಗೇನು ಗೊತ್ತು?

"ಯಾರದು? ಓಹೋ, ಪೊಲೀಸಮ್ಮ!" ನಲ್ಲಿಗೆ ಆತುಕೊಂಡ ಮೇಜಿನ ಮುಂದೆ ಕೂತಿದ್ದ ಅತ್ತೆ ಲೋಟ ಕೆಳಗಿಟ್ಟಳು. "ನೀರು ಕುಡಿಯೋಕೂ ನಿನ್ನ ಅಪ್ಪಣೆ ಬೇಕೇನೇ?"

ಅವಿತಾಲಳಿಗೆ ನಾಚಿಕೆಯಾಯಿತು. "ಇಲ್ಲ ಅತ್ತೆ, ಎಚ್ಚರ ಆಯ್ತು. ಏಳಿ, ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ."

"ನೀನು ಹೋಗು. ನಾನು ಬರ್ತೀನಿ."

"ನೀರು ಕುಡಿದಾಯ್ತಲ್ಲ?"

"ಕಾಲು ಜೋಮು ಹಿಡಿದಿದೆ ಕಣೇ."

ಅವಿತಾಲ್ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ಖರ್ಜೂರ, ಅಂಜೂರದಂಥವನ್ನು ಒಂದು ಆಲಿವ್ ಕಾಯಿಯಷ್ಟು ತಿಂದರೂ ಸಾಕು, ತಿಂದಾದ ಮೇಲಿನ ಕೊನೆಯ ಸ್ತುತಿಯನ್ನು ಉಂಡ ಜಾಗದಲ್ಲೇ ಕೂತು ಹೇಳಬೇಕು; ಬರೀ ನೀರಿಗೆ ಆ ಕಟ್ಟಳೆಯಿಲ್ಲ. ಹೇಳದೆ ಎದ್ದರೆ ದೇವರ ಋಣ. ಸೊಸೆಯೆದುರು ಹೇಳಿದರೆ ಕಳ್ಳತನ ಬಯಲು.

ಅವಳು ಕುರ್ಚಿ ಎಳೆದು ಎದುರಿಗೇ ಕೂತಳು. "ಜೋಮು ಬಿಡೋವರೆಗೂ ಇರ್ತೀನಿ."

ಗಡಿಯಾರದ ಮುಳ್ಳು ಎರಡು ದಾಟಿತು. ಅತ್ತೆ ಒಮ್ಮೆ ಬಾಗಿಲು ನೋಡಿದಳು, ಒಮ್ಮೆ ಸೊಸೆಯನ್ನು. ಬೆರಳುಗಳು ಮೇಜಿನ ಬಟ್ಟೆಯ ಅಂಚನ್ನು ಮಡಿಸಿ ಬಿಡಿಸಿ ಮಾಡುತ್ತಿದ್ದವು. ಎದ್ದುಬಿಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಕೊನೆಗೆ ಆಕೆ ತಲೆವಸ್ತ್ರ ಸರಿಮಾಡಿಕೊಂಡು ಕಣ್ಣು ಮುಚ್ಚಿದಳು. "ಮರಕ್ಕಾಗಿ, ಮರದ ಫಲಕ್ಕಾಗಿ..." ಪಿಸುಮಾತಲ್ಲ, ಗಟ್ಟಿ ದನಿ. ಒಂದಕ್ಷರವನ್ನೂ ನುಂಗದೆ ಕೊನೆಯವರೆಗೂ ಹೇಳಿದಳು.

ಈ ಸಲ ಅವಿತಾಲ್ ತಿಳಿದೇ ಆಮೆನ್ ಅಂದಳು.

"ಎಷ್ಟು ತಿಂದ್ರಿ?"

"ಐದು ಖರ್ಜೂರ." ಅತ್ತೆ ಮಡಿಲಿನಿಂದ ಡಬ್ಬಿ ತೆಗೆದು ಮೇಜಿನ ಮೇಲೆ ತಳ್ಳಿದಳು. "ಅವನಿಗೆ ಹೇಳ್ತೀಯಾ?"

ಅವಿತಾಲ್ ಡಬ್ಬಿಯನ್ನು, ತಾನು ಪಾಠ ಮಾಡುವ ಶಾಲೆಗೆ ಒಯ್ಯುವ ಚೀಲಕ್ಕೆ ಹಾಕಿಕೊಂಡಳು. ಇನ್ನೆಲ್ಲೆಲ್ಲಿ ಬಚ್ಚಿಟ್ಟಿದ್ದಾಳೋ ಎಂದು ಕಪಾಟುಗಳನ್ನೂ ತಡಕಿದಳು. ಬೆಳಗ್ಗೆ ನಿಸ್ಸೀಮ್ ಮತ್ತೆ ತನ್ನತ್ತಲೇ ಬೆರಳು ತೋರಿಸುತ್ತಾನೆ. ತೋರಿಸಲಿ. ಈ ಮುದುಕಿ ದೇವರಿಗೆ ಒಪ್ಪಿಸಿದ್ದನ್ನು ಕದ್ದು ಕೇಳಿ ಅವನಿಗೆ ವರದಿ ಮಾಡುವವಳು ತಾನಲ್ಲ. ಇದನ್ನು ಯಾರಿಗೂ ಹೇಳಬಾರದೆಂದು ನಿಶ್ಚಯಿಸಿ ಅವಳು ಅತ್ತೆಯತ್ತ ಕೈ ಚಾಚಿದಳು.