ಬಿಸಿಲಿಗಿಟ್ಟ ಪಿಯಾನೊ

ಜಾಝ್ ಎಂದರೆ ಸರ್ವಮಂಗಳಮ್ಮನ ಪಾಲಿಗೆ ಶನಿವಾರದ ಬೋಂಡಾ. ಅಂದು ಸಂಜೆಯಾದರೆ ಮೂಡಿಗೆರೆ ಸೀಮೆಯ ನಾಲ್ಕಾರು ಕಾಫಿ ಪ್ಲಾಂಟರುಗಳು ಜೀಪಿಳಿದು ಬಂದು ಕೂರುತ್ತಿದ್ದರು. ಗಂಡ ಚಂದ್ರಶೇಖರಪ್ಪ ಬರ್ನಾರ್ಡ್ ಹೋಲ್ಟ್ ಎಂಬ ಪಿಯಾನೊ ವಾದಕನ ಎಲ್‌ಪಿ ತಟ್ಟೆಯನ್ನು ಹಸುಗೂಸಿನಂತೆ ಎತ್ತಿ ತಂದು ಗ್ರಾಮಫೋನಿಗೆ ಹಚ್ಚುತ್ತಿದ್ದರು.

"ಎಡಗೈ ಕೇಳಿ! ಮೇಸ್ತ್ರಿ ಥರ ಒಂದೇ ಸಮ ನಡೀತಿದೆ. ಬಲಗೈ? ಹಣ್ಣು ಕೀಳೋ ಹೆಂಗಸ್ರು ಮಳೆ ಮೋಡ ಕಂಡು ಓಡ್ದಂಗೆ!"

ಹತ್ತು ಬೆರಳಿನವನು ಇಪ್ಪತ್ತು ಬೆರಳಿನ ಕೆಲಸ ಮಾಡುತ್ತಾನೆಂಬುದನ್ನು ಸರ್ವಮಂಗಳಮ್ಮನೂ ಒಪ್ಪುತ್ತಿದ್ದರು. ಬಾಣಲೆಯ ಮುಂದೆ ಅವರದೂ ಅದೇ ಕಸುಬು. ಒಂದು ಶನಿವಾರವಾದರೂ ಚಿಕ್ಕಮಗಳೂರಿಗೆ ಹೋಗಿ ಸಿನಿಮಾ ನೋಡಬೇಕೆಂಬ ಅವರ ಆಸೆ ಮಾತ್ರ ಎಣ್ಣೆಯಲ್ಲೇ ಕರಿದುಹೋಗಿತ್ತು.

ತೊಂಬತ್ತೇಳರ ಮಳೆಗಾಲದಲ್ಲಿ ತಟ್ಟೆಗೆ ಹಿಡಿದ ಬೂಷ್ಟು ಡಿಸೆಂಬರಿನಲ್ಲೊಮ್ಮೆ ಹಗಲು ಬೆಳಕಿನಲ್ಲಿ ಯಜಮಾನರ ಕಣ್ಣಿಗೆ ಬಿತ್ತು. "ಒರೆಸಿ ಒಂಚೂರು ಒಣಗ್ಸೇ" ಎಂದು ಹೇಳಿ ಪೇಟೆಗೆ ಹೊರಟರು. ಎಲ್ಲಿ ಒಣಗಿಸಬೇಕೆಂದು ಹೇಳಲಿಲ್ಲ. ತಟ್ಟೆ ಮಧ್ಯಾಹ್ನವಿಡೀ ಕಣದಲ್ಲಿ, ಸಿಪ್ಪೆ ಸಮೇತ ಒಣಗಲು ಹರವಿದ್ದ ಪಾರ್ಚ್‌ಮೆಂಟ್ ಕಾಫಿ ಬೀಜದ ಪಕ್ಕ, ಬಿಸಿಲು ಕಾಯಿಸಿಕೊಂಡಿತು.

"ಅಮ್ಮಾ, ಇದ್ನೂ ಕೈಯಾಡಿಸ್ಬೇಕಾ?" ಎಂದ ಮೇಸ್ತ್ರಿ ಗುರುವಯ್ಯ.

"ಬೇಡ. ಹಂಗೇ ಇರ್ಲಿ."

ಸಂಜೆಗೆ ಅದು ಅಲೆಅಲೆಯಾಗಿ ಸೊಟ್ಟಗಾದ ಹಪ್ಪಳ. ಇನ್ನು ಶನಿವಾರಗಳೆಲ್ಲ ತಮ್ಮವೆಂದುಕೊಂಡು ಸರ್ವಮಂಗಳಮ್ಮ ಅದನ್ನು ಕವರಿಗೆ ತುರುಕಿದರು.

ಶನಿವಾರ, ತಟ್ಟೆಯ ಮೇಲೆ ಮುಳ್ಳು ಚಾರ್ಮಾಡಿ ಘಾಟಿಯ ಬಸ್ಸಿನಂತೆ ಹತ್ತಿ ಇಳಿಯತೊಡಗಿತು. ಪಿಯಾನೊ ತೂಗಿತು, ತೊನೆಯಿತು, ಕುಡಿದವನಂತೆ ಮನೆಬಾಗಿಲು ಹುಡುಕಿತು. ಚಂದ್ರಶೇಖರಪ್ಪನವರ ಮುಖ ಬಿಳಿಚಿಕೊಂಡಿತು. ಅಡುಗೆಮನೆಯ ಬಾಗಿಲಲ್ಲಿ ಸರ್ವಮಂಗಳಮ್ಮ ಉಸಿರು ಬಿಗಿಹಿಡಿದರು. ಆದರೆ ಯಜಮಾನರು 'ಗೊತ್ತಿಲ್ಲ' ಎಂಬ ಮಾತನ್ನು ಜನ್ಮದಲ್ಲೇ ಆಡದ ಮನುಷ್ಯ.

"ಕೇಳಿದ್ರಾ? ಈ ತೂಗಾಟಾನೇ ಹೋಲ್ಟ್! ಇಷ್ಟು ದಿನ ಬೂಷ್ಟಿನಡಿ ಮುಚ್ಚೋಗಿತ್ತು!"

"ಅಯ್ಯೋ ಮಾರಾಯ್ರೇ, ನನ್ ತಲೆಯೇ ತಿರುಗ್ತಿದೆ, ಇನ್ನೊಂದ್ಸಲ ಹಾಕಿ!" ಎಂದರು ಪ್ಲಾಂಟರೊಬ್ಬರು.

ಮುಂದಿನ ವಾರ ಕೊಟ್ಟಿಗೆಹಾರದಿಂದಲೂ ಕಳಸದಿಂದಲೂ ಜೀಪುಗಳು ಬಂದವು. ಒಲೆಯ ಮೇಲೆ ಎರಡನೇ ಬಾಣಲೆ ಏರಿತು.

ಅಂದು ಪಕ್ಕದ ಎಸ್ಟೇಟಿನ ವಿಶ್ವನಾಥ್ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ನುಸುಳಿದರು. ಕೈಚೀಲದಲ್ಲಿ ಅದೇ ಹೋಲ್ಟ್, ಅದೇ ಎಲ್‌ಪಿ.

"ಅಕ್ಕಾ, ಹೋದ್ವಾರ ತಟ್ಟೆಗೆ ಪಾರ್ಚ್‌ಮೆಂಟ್ ಸಿಪ್ಪೆ ಅಂಟಿತ್ತು, ನೋಡ್ದೆ. ಯಾರಿಗೂ ಹೇಳಿಲ್ಲ. ನಮ್ಮನೇದು ಚಪ್ಪಟೆ, ಒಂದು ನರಪಿಳ್ಳೇನೂ ಕೇಳಕ್ಕೆ ಬರಲ್ಲ. ಇದ್ನೂ ಒಂದು ಮಧ್ಯಾಹ್ನ..."

ಸರ್ವಮಂಗಳಮ್ಮ ಸೆರಗಿಗೆ ಕೈಯೊರೆಸಿಕೊಂಡು ತಟ್ಟೆಯನ್ನು ತೆಗೆದುಕೊಂಡರು.

"ಒಂದ್ಯಾಕೆ, ಎರಡು ಮಧ್ಯಾಹ್ನ ಇಡ್ತೀನಿ. ನಮ್ಮನೇದಕ್ಕಿಂತ ಜಾಸ್ತಿ ತೂಗ್ಬೇಕು. ಎಲ್ರನ್ನೂ ನಿಮ್ಮನೆಗೇ ಕರ್ಕೊಳ್ಳಿ, ನಮ್ಮೆಜಮಾನ್ರನ್ನೂ ಸೇರ್ಸಿ. ಬೋಂಡಾ ಹಿಟ್ಟು ಎಷ್ಟು ಕಲಸ್ಬೇಕಂತ ನಿಮ್ಮ ಹೆಂಡ್ತಿಗೆ ನಾನೇ ಹೇಳ್ಕೊಡ್ತೀನಿ."